ಕೋಟೆಗಿಂತ ಹಳೆಯ ಚರಿತ್ರೆ: ಚಿತ್ರದುರ್ಗದ ಬಂಡೆ ಮೇಲೆದ್ದ ಬಗೆ

ಚಿತ್ರದುರ್ಗದ ಚರಿತ್ರೆ ಎಂದರೆ ನಮಗೆ ಮೊದಲು ನೆನಪಾಗುವುದು ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಓಬವ್ವ ಮತ್ತು 1779ರಲ್ಲಿ ಕೋಟೆಯನ್ನು ವಶಪಡಿಸಿಕೊಂಡ ಹೈದರ್ ಅಲಿ. ಆದರೆ ಆ ಕೋಟೆಗೆ ನೆಲೆಯಾದ ಬಂಡೆಗೂ ಒಂದು ಚರಿತ್ರೆಯಿದೆ. ಅದು ಸುಮಾರು 260 ಕೋಟಿ ವರ್ಷಗಳಷ್ಟು ಹಳೆಯದು. ಈ ಗ್ರಾನೈಟ್ ಮೊದಲಿನಿಂದಲೂ ಇಲ್ಲಿದ್ದದ್ದಲ್ಲ. ಭೂಮಿಯ ಆಳದಲ್ಲಿ ಕರಗಿ, ಮೇಲಿನ ಶಿಲೆಗಳ ನಡುವೆ ದಾರಿ ಮಾಡಿಕೊಂಡು ಬಂದದ್ದು.

ಕಲ್ಲು ಮೇಲೇಳುವುದು ಹೇಗೆ? ನೀರಿನ ತಳಕ್ಕೆ ಎಣ್ಣೆ ಸುರಿದರೂ ಅದು ಮೇಲಕ್ಕೇ ಬರುತ್ತದೆ, ಏಕೆಂದರೆ ಎಣ್ಣೆ ನೀರಿಗಿಂತ ಹಗುರ. ಭೂಕವಚದಲ್ಲಿಯೂ ಇದೇ ನಿಯಮ. ಭಾರವಾದ ಪದರದ ಕೆಳಗೆ ಹಗುರವಾದ ಪದಾರ್ಥ ಸಿಕ್ಕಿಕೊಂಡರೆ, ಮೇಲಿನ ಪದರ ಎಲ್ಲಿ ದುರ್ಬಲವೋ ಅಲ್ಲಿ ಅದು ಉಬ್ಬಿ ಮೇಲೇಳುತ್ತದೆ. ವ್ಯತ್ಯಾಸ ಕಾಲದ್ದು ಮಾತ್ರ. ಎಣ್ಣೆಗೆ ಕ್ಷಣ ಸಾಕು, ಕಲ್ಲಿಗೆ ಲಕ್ಷಾಂತರ ವರ್ಷ ಬೇಕಾಗಬಹುದು.

ಇದನ್ನು ಜಗತ್ತು ಮೊದಲು ಚೆನ್ನಾಗಿ ಅರಿತದ್ದು ಉಪ್ಪಿನಿಂದ. ಬತ್ತಿದ ಸಮುದ್ರದ ಉಪ್ಪಿನ ಮೇಲೆ ಮಣ್ಣು, ಮರಳು ಕಿಲೋಮೀಟರುಗಟ್ಟಲೆ ಶೇಖರವಾಗುತ್ತವೆ. ಒತ್ತಡ ಹೆಚ್ಚಿದಂತೆ ಅವು ಬಿಗಿಯಾಗಿ ಭಾರವಾಗುತ್ತವೆ. ಉಪ್ಪಿನ ಸಾಂದ್ರತೆ ಮಾತ್ರ ನೀರಿನ 2.2 ಪಟ್ಟಿನ ಆಸುಪಾಸಿನಲ್ಲೇ ಉಳಿಯುತ್ತದೆ. ಕೊನೆಗೆ ಗಟ್ಟಿ ಉಪ್ಪೇ ಜೋನಿಬೆಲ್ಲದಂತೆ ನಿಧಾನವಾಗಿ ಹರಿದು ಗುಮ್ಮಟವಾಗಿ ಮೇಲೇಳುತ್ತದೆ. ಇರಾನಿನ ಜಾಗ್ರೋಸ್ ಪರ್ವತಗಳಲ್ಲಿ ಇಂತಹ ಉಪ್ಪು ನೆಲದ ಮೇಲೆಯೇ ಬಂದು ಹರಿದಿದೆ. 1901ರ ಜನವರಿಯಲ್ಲಿ ಅಮೆರಿಕದ ಟೆಕ್ಸಾಸಿನ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿದ್ದು ಉಪ್ಪಿನ ಗುಮ್ಮಟದ ಮೇಲೆಯೇ. ರೊಮೇನಿಯಾದ ಭೂವಿಜ್ಞಾನಿ ಲುಡೊವಿಕ್ ಮ್ರಾಜೆಕ್ ಹೀಗೆ ಚುಚ್ಚಿಕೊಂಡು ಮೇಲೇಳುವ ರಚನೆಗಳಿಗೆ ಗ್ರೀಕ್ ಭಾಷೆಯಿಂದ 'ಡಯಾಪಿರ್' ಎಂಬ ಹೆಸರನ್ನು ಕೊಟ್ಟನು.

ಕೆಸರಿನ ಕಥೆಯೂ ಇಂಥದ್ದೇ. ಆಳದ ಕೆಸರಿನಲ್ಲಿ ನೀರು ಮತ್ತು ಅನಿಲ ಸಿಕ್ಕಿಕೊಂಡರೆ ಅದು ಹಗುರವಾಗಿಯೇ ಉಳಿದು, ಕುದಿಯುವ ಅಂಬಲಿಯಂತೆ ಗುಳ್ಳೆಯೆದ್ದು ಹೊರಬರುತ್ತದೆ. ನಮ್ಮ ದೇಶದಲ್ಲಿ ಅಂಡಮಾನಿನ ಬಾರಾಟಾಂಗ್ ದ್ವೀಪದ ಕೆಸರು ಜ್ವಾಲಾಮುಖಿಗಳನ್ನು ನೋಡಬಹುದು. 2006ರ ಮೇ 29ರಂದು ಇಂಡೋನೇಷ್ಯಾದ ಸಿದೋಅರ್ಜೋದಲ್ಲಿ ಉಕ್ಕಿದ ಬಿಸಿ ಕೆಸರು ಅನೇಕ ಹಳ್ಳಿಗಳನ್ನೇ ಮುಚ್ಚಿಹಾಕಿತು.

ನಮ್ಮ ಜಿಲ್ಲೆಯ ಶಿಲಾಪಾಕ

ಚಿತ್ರದುರ್ಗದಲ್ಲಿ ಉಪ್ಪಿನ ಗುಮ್ಮಟವಿಲ್ಲ, ಕೆಸರಿನ ಬುಗ್ಗೆಯೂ ಇಲ್ಲ. ಇಲ್ಲಿ ಮೇಲೆದ್ದದ್ದು ಕರಗಿದ ಕಲ್ಲು, ಅಂದರೆ ಶಿಲಾಪಾಕ. ಅದಕ್ಕೂ ಮೊದಲು ಇಲ್ಲಿ ಸಮುದ್ರವಿತ್ತು. ಹಿರಿಯೂರು ತಾಲ್ಲೂಕಿನ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತಹ ಬಂಡೆಗಳಿವೆ. ಲಾವಾ ನೀರಿನೊಳಗೆ ಹರಿದು ಥಟ್ಟನೆ ತಣಿದಾಗ ಮಾತ್ರ ಈ ಆಕಾರ ಬರುತ್ತದೆ. ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಲಾಗಿದೆ. ಇಂತಹ ಲಾವಾ ಮತ್ತು ಕಡಲ ತಳದ ಹೂಳು ಸೇರಿ ಆದದ್ದೇ ಚಿತ್ರದುರ್ಗದ ಪದರುಶಿಲೆಗಳ ಪಟ್ಟಿ. 400 ಕಿ.ಮೀ.ಗೂ ಉದ್ದವಾದ ಈ ಪಟ್ಟಿ ಗದಗದ ಕಡೆಯಿಂದ ನಮ್ಮ ಜಿಲ್ಲೆಯನ್ನು ಹಾದು ದಕ್ಷಿಣಕ್ಕೆ ಸಾಗುತ್ತದೆ. ವಾಣಿವಿಲಾಸ ಸಾಗರದ ಅಣೆಕಟ್ಟು ಕಟ್ಟಿದ ಮಾರಿಕಣಿವೆ ಈ ಪಟ್ಟಿಯ ಬೆಟ್ಟಗಳನ್ನು ವೇದಾವತಿ ಸೀಳಿದ ಜಾಗ.

ಈ ಕಪ್ಪು ಹಸಿರು ಶಿಲೆಗಳ ಸಾಂದ್ರತೆ ನೀರಿನ 2.9 ಪಟ್ಟಿನಷ್ಟು. ಗ್ರಾನೈಟಿನದು 2.65ರಷ್ಟು, ಕರಗಿದ್ದಾಗ ಇನ್ನೂ ಕಡಿಮೆ. ಆದ್ದರಿಂದ ಆಳದಲ್ಲಿ ಕರಗಿದ ಗ್ರಾನೈಟ್ ಈ ಪಟ್ಟಿಯ ಅಂಚಿನಲ್ಲಿ ಮೇಲೇರಿತು, ನೆಲಕ್ಕೆ ತಲುಪುವ ಮೊದಲೇ ತಣಿದು ಹೆಪ್ಪುಗಟ್ಟಿತು. ಸುಮಾರು 60 ಕಿ.ಮೀ. ಉದ್ದ, ಅತಿ ಅಗಲದಲ್ಲಿ 15 ಕಿ.ಮೀ. ಇರುವ 'ಚಿತ್ರದುರ್ಗ ಗ್ರಾನೈಟ್' ಹೀಗೆ ಹುಟ್ಟಿತು. ಹೊಸದುರ್ಗದ ಬಳಿಯೂ ಸುಮಾರು ಅದೇ ಕಾಲದ ಗ್ರಾನೈಟ್ ಇದೆ. ಜೋಗಿಮಟ್ಟಿಯ ಕಡೆ ಗ್ರಾನೈಟ್ ತಾಗಿದ ಹಳೆಯ ಲಾವಾ ಶಿಲೆ ಅದರ ಶಾಖಕ್ಕೆ ಮಾರ್ಪಾಟಾಗಿದೆ. ಯಾವುದು ಮೊದಲು ಬಂದದ್ದು, ಯಾವುದು ನಂತರ ಬಂದದ್ದು ಎಂಬುದಕ್ಕೆ ಇದೇ ಸಾಕ್ಷಿ. ಮೇಲಿನ ಹೊದಿಕೆ ಮಳೆ, ಗಾಳಿ, ಬಿಸಿಲಿಗೆ ಸವೆದ ಮೇಲೆ ಬಂಡೆ ಹೊರಗೆ ಕಂಡಿತು.

ಅರಿವು ಬೆಳೆದ ದಾರಿ

ಈ ಶಿಲೆಗಳಿಗೆ 1880ರ ದಶಕದಲ್ಲಿ 'ಧಾರವಾಡ' ಎಂಬ ಹೆಸರಿಟ್ಟವರು ರಾಬರ್ಟ್ ಬ್ರೂಸ್ ಫೂಟ್. ಧಾರವಾಡ ಶಿಲೆಗಳು ಹಳೆಯ ನೈಸ್ ಶಿಲೆಯ ಮೇಲೆ ಕುಳಿತಿವೆ ಎಂಬುದು ಅವರ ಅಭಿಪ್ರಾಯ. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯನ್ನು ಮುಂದೆ ನಡೆಸಿದ ಸ್ಮೀತ್ 1916ರಲ್ಲಿ ಇದಕ್ಕೆ ವಿರುದ್ಧವಾಗಿ ವಾದಿಸಿದರು: ಧಾರವಾಡ ಶಿಲೆಗಳೇ ಹಳೆಯವು, ನೈಸ್ ಮತ್ತು ಗ್ರಾನೈಟ್ ಅವುಗಳೊಳಗೆ ನಂತರ ನುಗ್ಗಿದವು. ಇಬ್ಬರ ಮಾತಿನಲ್ಲೂ ಸತ್ಯವಿತ್ತೆಂದು ಶಿಲೆಗಳ ವಯಸ್ಸು ಅಳೆಯುವ ವಿಧಾನ ಬಂದ ಮೇಲೆ ತಿಳಿಯಿತು. ಪಟ್ಟಿಯ ಅಡಿಯಲ್ಲಿ ಹಳೆಯ ನೈಸ್ ಇದೆ, ಚಿತ್ರದುರ್ಗದ ಗ್ರಾನೈಟ್ ನಂತರ ಬಂದದ್ದು.

ಆದರೆ ಚರ್ಚೆ ಮುಗಿದಿಲ್ಲ. ಹಗುರ ಶಿಲೆ ಗುಮ್ಮಟವಾಗಿ ಮೇಲೆದ್ದು ಭಾರದ ಶಿಲೆ ಕೆಳಗೆ ಕುಸಿದದ್ದೇ ನಮ್ಮ ನಾಡಿನ ಶಿಲಾರಚನೆಗೆ ಕಾರಣ ಎಂದು ಫ್ರಾನ್ಸಿನ ಸಂಶೋಧಕರು 1995ರಲ್ಲಿ ಬರೆದರು. ಭೂಕವಚವನ್ನು ಅಕ್ಕಪಕ್ಕದಿಂದ ಒತ್ತಿದ್ದೇ ಮುಖ್ಯ ಕಾರಣವೆಂದು ಬೇರೆಯವರು 2000ರಲ್ಲಿ ವಾದಿಸಿದರು.

ಇದರಿಂದ ನಮಗೇನು?

ಇದು ಪಂಡಿತರ ಚರ್ಚೆ ಮಾತ್ರವಲ್ಲ, ನಮ್ಮ ಕುಡಿಯುವ ನೀರಿನ ಪ್ರಶ್ನೆಯೂ ಹೌದು. ಗಟ್ಟಿ ಗ್ರಾನೈಟಿನಲ್ಲಿ ನೀರು ನಿಲ್ಲುವುದಿಲ್ಲ. ಬಿರುಕುಗಳಲ್ಲಿ, ಮೇಲಿನ ಸವೆದ ಪದರದಲ್ಲಿ ಮಾತ್ರ ಸಿಗುತ್ತದೆ. ಬಿರುಕು ತಪ್ಪಿದರೆ ನೂರಾರು ಅಡಿ ಕೊರೆದ ಬೋರ್‌ವೆಲ್ ಕೂಡ ಒಣಗಿಯೇ ಇರುತ್ತದೆ, ರೈತನ ಸಾಲ ಮಾತ್ರ ಉಳಿಯುತ್ತದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಕೆಲವು ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಸೇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು, ಹಿರಿಯರ ಮೂಳೆ ಕೆಡುತ್ತವೆ. ಚಿತ್ರದುರ್ಗ ಜಿಲ್ಲೆಯ ಅನೇಕ ಹಳ್ಳಿಗಳು ಈ ಕಷ್ಟವನ್ನು ಕಂಡಿವೆ.

ಕೋಟೆ ಕಟ್ಟಿದವರು ಬಂಡೆಯನ್ನು ಬಲ್ಲವರಾಗಿದ್ದರು. ಬಂಡೆಗಳ ನಡುವೆಯೇ ಮಳೆನೀರು ಹಿಡಿದು ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡಗಳನ್ನು ತುಂಬಿಸಿಕೊಂಡರು. ಮುಂದಿನ ಸಲ ವಿದ್ಯಾರ್ಥಿಗಳನ್ನು ಪ್ರವಾಸಕ್ಕೆ ಕರೆದೊಯ್ಯುವ ಶಿಕ್ಷಕರು ಓಬವ್ವನ ಕಿಂಡಿಯ ಜೊತೆಗೆ ಆ ಕಿಂಡಿ ಇರುವ ಬಂಡೆಯನ್ನೂ ತೋರಿಸಲಿ, ಮರಡಿಹಳ್ಳಿಗೂ ಒಂದು ಗಳಿಗೆ ಹೋಗಿಬರಲಿ. ಕಾಲ ಕೆಳಗಿನ ಕಲ್ಲನ್ನು ಓದಬಲ್ಲ ಮಗು ಊರಿನ ನೀರಿನ ಬಗ್ಗೆಯೂ ಸರಿಯಾದ ಪ್ರಶ್ನೆ ಕೇಳಬಲ್ಲದು.