ನಿಲ್ಲದ ಪೆಡಲಿಗೆ ಮೂರು ಗೇರ್

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ನಮ್ಮ ಮಹಿಳಾ ವೇದಿಕೆಯ ಅಕ್ಕಂದಿರು ಮೂರು ಸಲ ಕೇಳಿದರು. ನನಗೆ ಕವಿತೆ ಬರುವುದಿಲ್ಲ. ಅಡುಗೆ ಬರುತ್ತದೆ, ಬರೆಯುವಷ್ಟು ಚೆನ್ನಾಗಿ ಬರುವುದಿಲ್ಲ. ಓದಿದ್ದು ಎಂ.ಟೆಕ್, ಕೆಲಸ ಸಾಫ್ಟ್‌ವೇರ್, ಹುಚ್ಚು ಸೈಕಲ್. "ಹಾಗಾದರೆ ಸೈಕಲ್ಲಿನ ಬಗ್ಗೆಯೇ ಬರೆ" ಎಂದರು. ಅದಕ್ಕೇ ಇದು.

ನಾನು ಕಾಸರಗೋಡಿನ ಕಡೆಯವಳು. ಮನೆಯಿಂದ ಶಾಲೆಗೆ ಹೋಗಲು ಒಂದು ಗುಡ್ಡ ಹತ್ತಿ ಇಳಿಯಬೇಕಿತ್ತು. ಅಮ್ಮ ಹದಿಮೂರನೆಯ ವಯಸ್ಸಿನಲ್ಲಿ ಮಾವನ ಕಪ್ಪು ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ, ಅರ್ಧ ಪೆಡಲ್ ತುಳಿದು ಸವಾರಿ ಕಲಿತಿದ್ದಳಂತೆ. ದೊಡ್ಡವಳಾದ ಮೇಲೆ ಆ ಸೈಕಲ್ಲನ್ನು ಅವಳ ಕೈಗೆ ಸಿಗದಂತೆ ಅಟ್ಟದ ಕೆಳಗೆ ಕಟ್ಟಿಹಾಕಿದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ, ಒಂದು ಹಗ್ಗ ಅಷ್ಟೆ. ಈ ಮಾತನ್ನು ಅಮ್ಮ ನಗುತ್ತಲೇ ಹೇಳುತ್ತಾಳೆ. ನನಗೆ ಮಾತ್ರ ಯಾವತ್ತೂ ನಗು ಬಂದಿಲ್ಲ.

ಕೊಚ್ಚಿಗೆ ಕೆಲಸಕ್ಕೆ ಬಂದ ಹೊಸತರಲ್ಲಿ ನಾನು ಕೊಂಡದ್ದು ಫಿಕ್ಸೀ. ಅಂದರೆ ಫಿಕ್ಸೆಡ್ ಗೇರ್ ಸೈಕಲ್. ನಾವು ಚಿಕ್ಕಂದಿನಿಂದ ನೋಡಿದ ಸೈಕಲ್ಲಿನಲ್ಲಿ ಹಿಂದಿನ ಚಕ್ರಕ್ಕೆ ಫ್ರೀವೀಲ್ ಇರುತ್ತದೆ. ಪೆಡಲ್ ನಿಲ್ಲಿಸಿದರೂ ಚಕ್ರ ಟಿಕ್ ಟಿಕ್ ಎನ್ನುತ್ತ ಓಡುತ್ತದೆ. ಫಿಕ್ಸೀಯಲ್ಲಿ ಆ ಟಿಕ್ ಟಿಕ್ ಇಲ್ಲ. ಹಲ್ಲುಚಕ್ರ ಹಬ್ಬಿಗೆ ಬಿಗಿದಿರುತ್ತದೆ. ಚಕ್ರ ತಿರುಗಿದಷ್ಟು ಹೊತ್ತು ಕಾಲೂ ತಿರುಗಲೇಬೇಕು. ವೇಗ ತಗ್ಗಿಸಲು ಪೆಡಲನ್ನು ಕಾಲಿನಿಂದ ತಡೆದು ಹಿಡಿಯಬೇಕು. ಮೊದಲ ವಾರ ಭಯ, ಎರಡನೆಯ ವಾರ ಮೋಹ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ, ವಿಲ್ಲಿಂಗ್ಡನ್ ದ್ವೀಪ, ಎಲ್ಲ ಕಡೆ ನೆಲ ಚಪ್ಪಟೆ. ಹೆಚ್ಚೆಂದರೆ ಒಂದು ಸೇತುವೆಯ ಏರು. ವಲ್ಲಾರ್‌ಪಾಡಂ ಕಡೆಯ ಕಂಟೈನರ್ ರಸ್ತೆಯಲ್ಲಿ ಬೆಳಗಿನ ಐದೂವರೆಗೆ ಹೊರಟರೆ ಸಮುದ್ರದ ಗಾಳಿಯೊಂದೇ ಎದುರಾಳಿ. ಅಲ್ಲಿ ಒಂದೇ ಗೇರ್ ಸಾಕು.

ಆಮೇಲೆ ಮಗಳು ಹುಟ್ಟಿದಳು. ಕೆಲಸವೂ ತಿರುವನಂತಪುರಕ್ಕೆ ವರ್ಗವಾಯಿತು. ಆ ಊರು ಬಲ್ಲವರಿಗೆ ಗೊತ್ತು, ಅಲ್ಲಿ ಹಾಲು ತರಲು ಹೋದರೂ ಒಂದು ಏರು, ಒಂದು ಇಳಿಜಾರು. ಕಳಕೂಟಂನ ಟೆಕ್ನೋಪಾರ್ಕಿನಿಂದ ಶ್ರೀಕಾರ್ಯಂ ದಾಟಿ ಕೌಡಿಯಾರ್ ಕಡೆಗೆ ಬರುವಷ್ಟರಲ್ಲಿ ಬಲ ಮಂಡಿ ಮಾತಾಡತೊಡಗಿತು. ಹಗುರವಾದ ಗೇರ್ ಇಲ್ಲದೆ ಏರು ಹತ್ತಬೇಡಿ ಎಂದು ಫಿಸಿಯೋಥೆರಪಿಯವರು ಖಡಾಖಂಡಿತ ಹೇಳಿದರು. ನಾನು ಅದನ್ನು ಜತೆಯ ಸವಾರರಿಗೆ ಹೇಳಿದೆ. ಒಬ್ಬರು, "ಗೇರ್ ಹಾಕಿದ ಮೇಲೆ ಅದು ಫಿಕ್ಸೀ ಹೇಗಾಗುತ್ತದೆ? ಕಾಲಲ್ಲಿ ಬಲ ಇಲ್ಲದವರಿಗೆ ಅದು" ಎಂದರು. ತಮಾಷೆಗೇ ಅಂದದ್ದು. ಆದರೂ ರಾತ್ರಿ ಮಗಳನ್ನು ಮಲಗಿಸಿ ಕೂತು ಹುಡುಕಿದೆ. ಈ ಮಾತನ್ನು ಮೊದಲು ಅಂದವರು ಯಾರು?

ಉತ್ತರ ಬೇಗ ಸಿಕ್ಕಿತು. 1902ರ ಆಗಸ್ಟ್‌ನಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ ಪಿರನೀಸ್ ಪರ್ವತದಲ್ಲಿ ಒಂದು ಪರೀಕ್ಷೆ ಏರ್ಪಡಿಸಿತು. ಯಾವ ಬಗೆಯ ಸೈಕಲ್ ಬೆಟ್ಟಕ್ಕೆ ಯೋಗ್ಯ ಎಂದು ನೋಡುವುದು ಅದರ ಉದ್ದೇಶ. ದಾರಿಯಲ್ಲಿ 2115 ಮೀಟರ್ ಎತ್ತರದ ತೂರ್ಮಲೆ ಘಟ್ಟ. ಪಾಲ್ಗೊಂಡವರಲ್ಲಿ ಮಾರ್ಥ್ ಹೆಸ್ ಎಂಬ ಹೆಣ್ಣುಮಗಳೂ ಇದ್ದಳು. ಅವಳ ಸೈಕಲ್ಲಿಗೆ ಒಂದಕ್ಕಿಂತ ಹೆಚ್ಚು ಗೇರ್ ಇತ್ತು. ಸೇಂತ್ ಎತಿಯೆನ್ ಊರಿನ ಪಾಲ್ ದ ವಿವೀ ಎಂಬ ಪತ್ರಕರ್ತ ಆಗ ಬಹುಗೇರ್‌ನ ಪರವಾಗಿ ದೊಡ್ಡ ಚಳವಳಿಯನ್ನೇ ನಡೆಸುತ್ತಿದ್ದ. ವೆಲೋಸಿಯೋ ಎಂಬ ಕಾವ್ಯನಾಮದಿಂದಲೇ ಅವನು ಪ್ರಸಿದ್ಧ. ಮಾರ್ಥ್ ಹೆಸ್ ಆ ಏರನ್ನು ಕಾಲು ನೆಲಕ್ಕೆ ಊರದೆ ಹತ್ತಿದಳು ಎಂದು ಆ ಪಂಥದವರು ಹೇಳಿಕೊಂಡು ಬಂದಿದ್ದಾರೆ.

ಇದಕ್ಕೆ ಕ್ರೀಡಾ ಪತ್ರಿಕೆಯ ಸಂಪಾದಕ ಆನ್ರಿ ದೆಗ್ರಾಂಜ್ ಕೊಟ್ಟ ಉತ್ತರ ಚರಿತ್ರೆಯಲ್ಲಿ ಉಳಿದಿದೆ. ಗೇರ್ ಬದಲಿಸುವ ಯಂತ್ರ ನಲವತ್ತೈದು ದಾಟಿದವರಿಗೆ ಸರಿ, ಯಂತ್ರದ ಚಮತ್ಕಾರದಿಂದ ಗೆಲ್ಲುವುದಕ್ಕಿಂತ ಸ್ನಾಯುವಿನ ಬಲದಿಂದ ಗೆಲ್ಲುವುದು ಮೇಲು, ತನಗಂತೂ ಫಿಕ್ಸೆಡ್ ಗೇರೇ ಇರಲಿ ಎಂಬುದು ಅದರ ಸಾರ. ಮರುವರ್ಷ, 1903ರಲ್ಲಿ, ಇದೇ ದೆಗ್ರಾಂಜ್ ಟೂರ್ ದ ಫ್ರಾನ್ಸ್ ಶುರುಮಾಡಿದ. ಆ ಓಟದಲ್ಲಿ ಗೇರ್ ಬದಲಿಸುವ ಡಿರೇಲರ್‌ಗೆ ಒಪ್ಪಿಗೆ ಸಿಗಲು 1937 ಬರಬೇಕಾಯಿತು. ಅಲ್ಲಿಯವರೆಗೆ ಜಗತ್ತಿನ ಅತಿ ಬಲಶಾಲಿ ಸವಾರರು ಘಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿ, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರಕ್ಕೆ ಚೈನ್ ಕೂರಿಸಿಕೊಂಡು ಮುಂದೆ ಹೋಗುತ್ತಿದ್ದರು. ಗೇರ್ ಅವರಿಗೂ ಬೇಕಿತ್ತು ಅಂದಹಾಗಾಯಿತು. ಬೇಕು ಎಂದು ಹೇಳುವ ಹಾಗಿರಲಿಲ್ಲ ಅಷ್ಟೆ.

ಇಷ್ಟು ಓದಿದ ಮೇಲೆ ನನ್ನ ಕೋಪ ಅರ್ಧ ಇಳಿಯಿತು. ನೂರಿಪ್ಪತ್ತು ವರ್ಷ ಹಳೆಯ ಕೊಂಕಿಗೆ ನಾನೇಕೆ ಬೇಸರಪಡಲಿ! ಉಳಿದರ್ಧವನ್ನು ಇಳಿಸಿದ್ದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್.

ನಮ್ಮ ಹಿರಿಯರಿಗೆ ರ್‍ಯಾಲೀ ಸೈಕಲ್ ಗೊತ್ತು. ನಮ್ಮ ದೇಶದಲ್ಲಿಯೂ 1952ರಿಂದ ಅಸನ್ಸೋಲ್‌ನ ಸೆನ್-ರ್‍ಯಾಲೀ ಕಾರ್ಖಾನೆ ಅದನ್ನು ತಯಾರಿಸುತ್ತಿತ್ತು. ಆ ರ್‍ಯಾಲೀಯ ಯಜಮಾನ ಫ್ರಾಂಕ್ ಬೌಡೆನ್ 1902ರಲ್ಲಿ ಮೂರು ವೇಗದ ಹಬ್ ತಯಾರಿಸಲು ಒಂದು ಕಂಪನಿ ಕಟ್ಟಿದ. ಹೆಸರು ಸ್ಟರ್ಮೀ-ಆರ್ಚರ್. ಹೆನ್ರಿ ಸ್ಟರ್ಮೀ ಪತ್ರಕರ್ತ, ಜೇಮ್ಸ್ ಆರ್ಚರ್ ಎಂಜಿನಿಯರ್. ಆದರೆ ಹಬ್ಬಿನ ನಿಜವಾದ ತಲೆ ವಿಲಿಯಂ ರೈಲಿ ಎಂಬವನದು. 1896ರಲ್ಲೇ ಎರಡು ವೇಗದ ಹಬ್ಬಿಗೆ ಪೇಟೆಂಟ್ ಪಡೆದಿದ್ದವನು ಅವನು. ಹಳೆಯ ಕಂಪನಿಯ ಜತೆ ಮಾಡಿಕೊಂಡಿದ್ದ ಕರಾರಿನ ಪ್ರಕಾರ ಅವನ ಮುಂದಿನ ಆವಿಷ್ಕಾರಗಳೂ ಅವರಿಗೇ ಸೇರಬೇಕಿತ್ತು. ಹಾಗಾಗಿ ಮೂರು ವೇಗದ ಹಬ್ಬಿನ ಪೇಟೆಂಟ್ ಸಹೋದ್ಯೋಗಿ ಆರ್ಚರ್‌ನ ಹೆಸರಿನಲ್ಲಿ ಆಯಿತು. ಇಂದಿಗೂ ಜಗತ್ತು ರೈಲಿಯ ಹೆಸರು ಹೇಳುವುದಿಲ್ಲ. ಆಫೀಸಿನಲ್ಲಿ ತನ್ನ ಕೋಡ್ ಇನ್ನೊಬ್ಬರ ಹೆಸರಿನಲ್ಲಿ ಹೋಗುವುದನ್ನು ಕಂಡ ಗೆಳತಿಯರು ನಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?

ಒಳಗಿನ ಕೆಲಸ ಮಾತ್ರ ಬಹಳ ಸೊಗಸು. ನಡುವೆ ಒಂದು ಹಲ್ಲುಚಕ್ರ, ಅದು ಅಚ್ಚಿಗೆ ಬಿಗಿದು ಕೂತ ಸೂರ್ಯ. ಅದರ ಸುತ್ತ ಸುತ್ತುವ ಪುಟ್ಟ ಹಲ್ಲುಚಕ್ರಗಳು ಗ್ರಹಗಳು. ಇವೆಲ್ಲವನ್ನೂ ಸುತ್ತುವರಿದ, ಒಳಮುಖದ ಹಲ್ಲುಗಳ ಬಳೆ ಒಂದು. ಸ್ಟರ್ಮೀ-ಆರ್ಚರ್‌ನ ಪ್ರಸಿದ್ಧ ಎಡಬ್ಲ್ಯೂ ಹಬ್ಬಿನಲ್ಲಿ ಸೂರ್ಯನಿಗೆ 20 ಹಲ್ಲು, ಬಳೆಗೆ 60. ಪೆಡಲಿನ ಶಕ್ತಿಯನ್ನು ಬಳೆಗೆ ಕೊಟ್ಟು ಗ್ರಹಗಳ ಚೌಕಟ್ಟಿನಿಂದ ಹೊರತೆಗೆದರೆ ವೇಗ 60ನ್ನು 80ರಿಂದ ಭಾಗಿಸಿದಷ್ಟು, ಅಂದರೆ ಮುಕ್ಕಾಲು. ತಿರುಗುಮುರುಗು ಮಾಡಿದರೆ ಮೂರನೆಯ ಒಂದು ಪಾಲು ಹೆಚ್ಚು. ಏನೂ ಬದಲಿಸದೆ ನೇರ ಕೊಟ್ಟರೆ ಇದ್ದಷ್ಟೇ. ಮುಷ್ಟಿಯಲ್ಲಿ ಹಿಡಿಯುವ ಡಬ್ಬಿಯೊಳಗೆ ಮೂರು ದಾರಿ. ಮಳೆ, ಕೆಸರು, ಸೀರೆಯ ಅಂಚು ಯಾವುದೂ ಒಳಗೆ ಹೋಗುವುದಿಲ್ಲ. ಎಂ.ಟೆಕ್‌ನಲ್ಲಿ ಇಷ್ಟು ಚೆನ್ನಾಗಿ ಕೂತ ಅಲ್ಗಾರಿದಂ ನಾನು ಬರೆದದ್ದಿಲ್ಲ.

ಆದರೆ ಈ ಹಬ್ಬುಗಳಲ್ಲಿ ಬಹುಪಾಲು ಫ್ರೀವೀಲಿನವು. ಇಂಗ್ಲೆಂಡಿನ ಕ್ಲಬ್ ಸವಾರರಲ್ಲಿ ಚಳಿಗಾಲದಲ್ಲಿ ಫಿಕ್ಸೆಡ್ ಸೈಕಲ್ ತುಳಿಯುವ ಹಳೆಯ ರೂಢಿ ಇತ್ತು. ಅಂಥವರಿಗಾಗಿ ಕಂಪನಿ ಮಹಾಯುದ್ಧ ಮುಗಿದ ಮೇಲೆ, 1946ರ ಹೊತ್ತಿಗೆ, ಎಎಸ್‌ಸಿ ಎಂಬ ಹಬ್ ತಂದಿತು. ಪೂರ್ತಿ ಫಿಕ್ಸೆಡ್, ಆದರೂ ಮೂರು ವೇಗ. ಮೇಲಿನದು ನೇರ, ಕೆಳಗಿನವು ಶೇಕಡಾ 10 ಮತ್ತು 25ರಷ್ಟು ಹಗುರ. ಕೆಲವು ವರ್ಷ ನಡೆದು ಅದು ನಿಂತುಹೋಯಿತು. ಡಿರೇಲರ್‌ನ ಕಾಲ ಬಂದಿತ್ತು. ಫಿಕ್ಸೆಡ್ ಚೈನಿಗೆ ಡಿರೇಲರ್ ಹೊಂದುವುದೂ ಇಲ್ಲ. ಪೆಡಲನ್ನು ಹಿಂದಕ್ಕೆ ತಡೆದಾಗ ಚೈನಿನ ಕೆಳಗಿನ ಎಳೆ ಬಿಗಿಯಾಗಬೇಕು. ಡಿರೇಲರ್‌ನ ಸ್ಪ್ರಿಂಗ್ ಇರುವುದೇ ಆ ಎಳೆಯಲ್ಲಿ, ಅದು ಸಡಿಲ ಬಿಡುತ್ತದೆ. ಆದ್ದರಿಂದ ನಿಲ್ಲದ ಪೆಡಲಿಗೆ ಗೇರ್ ಬೇಕೆಂದರೆ ಹಬ್ಬಿನ ಒಳಗೇ ಇರಬೇಕು.

ಮುಂದೆ ಅರ್ಧ ಶತಮಾನ ಎಎಸ್‌ಸಿ ಹಬ್ಬುಗಳನ್ನು ಹಳೆಯ ಸೈಕಲ್‌ಗಳಿಂದ ಬಿಚ್ಚಿ ಬಂಗಾರದಂತೆ ಮಾರುತ್ತಿದ್ದರು. ನಾಟಿಂಗ್‌ಹ್ಯಾಮ್ ಕಾರ್ಖಾನೆ 2000ದಲ್ಲಿ ಮುಚ್ಚಿತು. ತೈವಾನಿನ ಸನ್‌ರೇಸ್ ಆ ಹೆಸರನ್ನೂ ಯಂತ್ರಗಳನ್ನೂ ಕೊಂಡಿತು. ಅಷ್ಟರಲ್ಲಿ ಊರೂರಲ್ಲಿ ಫಿಕ್ಸೀ ಫ್ಯಾಷನ್ ಆಗಿತ್ತು. 2009ರಲ್ಲಿ ಎಸ್3ಎಕ್ಸ್ ಎಂಬ ಹೊಸ ಹಬ್ ಬಂತು. ಇದರ ಮೂರು ಮೆಟ್ಟಿಲು ಶೇಕಡಾ 100, 75, 62.5. ಅಮೆರಿಕದ ಶೆಲ್ಡನ್ ಬ್ರೌನ್ ಫಿಕ್ಸೀ ಪ್ರಿಯರಿಗೆಲ್ಲ ಗುರುವಿನಂಥವರು. ಅವರು 2008ರ ಫೆಬ್ರವರಿಯಲ್ಲಿ ತೀರಿಕೊಂಡರು. ಈ ಹಬ್ ಅಂಗಡಿಗೆ ಬಂದದ್ದನ್ನು ನೋಡಲಿಲ್ಲ.

ನನ್ನ ಸೈಕಲ್ಲಿಗೆ ನಾನು ತರಿಸಿ ಹಾಕಿಸಿಕೊಂಡದ್ದು ಎಸ್3ಎಕ್ಸ್. ಮುಂದೆ 48 ಹಲ್ಲು, ಹಿಂದೆ 16. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್. ಹಾಗಾಗಿ ಒಂದು ಸುತ್ತು ತುಳಿದರೆ ಮೇಲಿನ ಗೇರಿನಲ್ಲಿ 6.3 ಮೀಟರ್, ನಡುವಿನದರಲ್ಲಿ 4.7, ಕೆಳಗಿನದರಲ್ಲಿ 3.9. ಏರಿನಲ್ಲಿ ಈ 3.9 ನನ್ನ ಮಂಡಿಗೆ ಅಮೃತ. ಇಳಿಜಾರಿನಲ್ಲಿ ಅದೇ ವಿಷ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಕೆಳಗಿನ ಗೇರಿನಲ್ಲಿದ್ದರೆ ಕಾಲು ನಿಮಿಷಕ್ಕೆ 127 ಸಲ ತಿರುಗಬೇಕು. ಮೇಲಿನ ಗೇರಿನಲ್ಲಾದರೆ 79 ಸಾಕು. ಬೇರೆ ಸೈಕಲ್ಲಿನಲ್ಲಿ ಇಳಿಯುವಾಗ ಗೇರ್ ಯಾವುದಿದ್ದರೂ ನಡೆಯುತ್ತದೆ, ಪೆಡಲ್ ನಿಲ್ಲಿಸಿದರಾಯಿತು. ಇಲ್ಲಿ ಇಳಿಯುವುದಕ್ಕೇ ಗೇರ್ ಬೇಕು. ಇದು ನನಗೆ ಗೊತ್ತಾದದ್ದು ಕೌಡಿಯಾರ್ ಹತ್ತಿರದ ಒಂದು ಇಳಿಜಾರಿನಲ್ಲಿ. ಏರು ಮುಗಿದದ್ದರ ಖುಷಿಯಲ್ಲಿ ಗೇರ್ ಬದಲಿಸುವುದನ್ನು ಮರೆತೆ. ಸಾಲದ್ದಕ್ಕೆ ಅಭ್ಯಾಸಬಲದಿಂದ ಪೆಡಲ್ ನಿಲ್ಲಿಸಲು ಹೋದೆ. ಪೆಡಲ್ ನನ್ನ ಕಾಲನ್ನು ಒದ್ದಿತು. ಮುಂದಿನ ಚಕ್ರಕ್ಕೆ ಬ್ರೇಕ್ ಇದ್ದುದರಿಂದ ಮೊಣಕೈ ತರಚಿಕೊಂಡು ಉಳಿದೆ. ತಪ್ಪು ನನ್ನದೇ. ಬ್ರೇಕ್ ಇಲ್ಲದ ಫಿಕ್ಸೀ ಚೆಂದ ಎನ್ನುವವರಿಗೆ ನಾನು 2016ರ ಲಂಡನ್ ಘಟನೆ ಹೇಳುತ್ತೇನೆ. ಮುಂದಿನ ಬ್ರೇಕ್ ಇಲ್ಲದ ಫಿಕ್ಸೀ ಬಡಿದು ದಾರಿ ದಾಟುತ್ತಿದ್ದ ತಾಯಿಯೊಬ್ಬಳು ಸತ್ತಳು. ಬ್ರೇಕ್ ಬೇಡ ಎನ್ನುವುದು ವೆಲೋಡ್ರೋಮಿನ ಮಾತು, ರಸ್ತೆಯದಲ್ಲ.

ವೆಲೋಡ್ರೋಮ್ ಅಂದಾಗ ನೆನಪಾಯಿತು. ಕಾರ್ಯವಟ್ಟಂನ ಎಲ್‌ಎನ್‌ಸಿಪಿಇ ಆವರಣದಲ್ಲಿ 2015ರ ರಾಷ್ಟ್ರೀಯ ಕ್ರೀಡಾಕೂಟದ ಟ್ರ್ಯಾಕ್ ಸೈಕ್ಲಿಂಗ್ ನಡೆಯಿತು. ಒಂದೇ ಗೇರ್, ಫಿಕ್ಸೆಡ್, ಬ್ರೇಕ್ ಇಲ್ಲ. ಎದುರಿಗೆ ದನವೂ ಬರುವುದಿಲ್ಲ, ಆಟೋವೂ ಬರುವುದಿಲ್ಲ. ಅದೇ ಜಿಲ್ಲೆಯ ಪೊನ್ಮುಡಿಯಲ್ಲಿ 2023ರ ಅಕ್ಟೋಬರ್‌ನಲ್ಲಿ ಏಷ್ಯನ್ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ ಆಯಿತು. ಅಲ್ಲಿ ಗೇರಿಲ್ಲದೆ ಕಥೆಯೇ ಇಲ್ಲ. ದೆಗ್ರಾಂಜ್ ಮತ್ತು ವೆಲೋಸಿಯೋ ಇಬ್ಬರನ್ನೂ ಒಂದೇ ಬಸ್ಸಿನ ಟಿಕೆಟಿನಲ್ಲಿ ಕರೆದೊಯ್ದು ತೋರಿಸಬಹುದಾದ ಊರು ಇದು! ನನ್ನ ಸೈಕಲ್ ಆ ಎರಡರ ನಡುವಿನ ದಾರಿಯದು. ಪೊನ್ಮುಡಿಯ 22 ಹೇರ್‌ಪಿನ್ ತಿರುವುಗಳನ್ನು ಅದರಲ್ಲಿ ಹತ್ತುವ ಧೈರ್ಯ ನನಗಿನ್ನೂ ಬಂದಿಲ್ಲ.

ಎಸ್3ಎಕ್ಸ್ ದೋಷವಿಲ್ಲದ್ದು ಎಂದರೆ ಸುಳ್ಳಾಗುತ್ತದೆ. ಒಳಗೆ ಅಷ್ಟು ಹಲ್ಲುಗಳಿರುವುದರಿಂದ ಮುಂದಕ್ಕೆ ತುಳಿಯುವುದರಿಂದ ಹಿಂದಕ್ಕೆ ತಡೆಯುವುದಕ್ಕೆ ಬದಲಾಗುವಾಗ ನಡುವೆ ಒಂದು ಸಡಿಲು ತಾಗುತ್ತದೆ. ಮೆಟ್ಟಿಲು ಮುಗಿಯಿತು ಅಂದುಕೊಂಡು ಕಾಲಿಟ್ಟಾಗ ಇನ್ನೊಂದು ಅರ್ಧ ಮೆಟ್ಟಿಲು ಸಿಕ್ಕಂತೆ. ಶುದ್ಧ ಫಿಕ್ಸೀಯ ಆ ಗಟ್ಟಿ ಹಿಡಿತ ಇದರಲ್ಲಿ ಇಲ್ಲ, ಒಪ್ಪುತ್ತೇನೆ. ಕೊಂಕು ಮಾತಾಡಿದ ಮಹಾಶಯರಿಗೆ ಒಮ್ಮೆ ಸವಾರಿಗೆ ಕೊಟ್ಟೆ. ಅವರು ಹೇಳಿದ್ದೂ ಈ ಸಡಿಲಿನ ಬಗ್ಗೆಯೇ. ಆದರೆ ಶ್ರೀಕಾರ್ಯಂ ಏರಿನಲ್ಲಿ ಅವರ ಹೆಬ್ಬೆರಳು ಲಿವರಿನ ಮೇಲಿದ್ದುದನ್ನು ನಾನು ನೋಡಿದೆ.

ಕಳೆದ ಡಿಸೆಂಬರಿನಲ್ಲಿ ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಕೊಚ್ಚಿಗೆ ಹೋಗಿದ್ದೆ. ಸೈಕಲ್ ಕಾರಿನ ಹಿಂದೆ ಕಟ್ಟಿತ್ತು. ಫೋರ್ಟ್ ಕೊಚ್ಚಿಯ ಪೆರೇಡ್ ಮೈದಾನದ ಅಂಚಿನಲ್ಲಿ ಅಮ್ಮ ಅದನ್ನು ಹಿಡಿದು ನಿಂತಳು. ಹಿಂದಿನ ಚಕ್ರ ಎತ್ತಿ ಪೆಡಲನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದಳು. ಚಕ್ರವೂ ಹಿಂದಕ್ಕೆ ತಿರುಗಿತು. "ಇದಕ್ಕೆ ಟಿಕ್ ಟಿಕ್ ಇಲ್ಲವಲ್ಲೇ?" ಎಂದಳು. ಕಳ್ಳತನದಿಂದ ಸೈಕಲ್ ಹೊರಗೆ ತರುವಾಗ ಆ ಟಿಕ್ ಟಿಕ್ಕಿಗೇ ಅಜ್ಜನಿಗೆ ಎಚ್ಚರವಾಗುತ್ತಿತ್ತಂತೆ. ಅದು ನನಗೆ ಅಂದು ಗೊತ್ತಾಯಿತು.

ನಾನು ಸೀಟು ಕೆಳಗಿಳಿಸಿ, ಲಿವರನ್ನು ಕೆಳಗಿನ ಗೇರಿಗೆ ತಂದು, ಹಿಂದಿನಿಂದ ಹಿಡಿದುಕೊಂಡೆ. ಅರವತ್ತನಾಲ್ಕರ ಅಮ್ಮ ಸೀರೆಯ ಸೆರಗು ಸಿಕ್ಕಿಸಿಕೊಂಡಳು. "ಪೆಡಲ್ ನಿಲ್ಲಿಸಬಾರದು ಅಮ್ಮಾ, ಅದೇ ತಿರುಗುತ್ತೆ" ಎಂದು ಮೂರು ಸಲ ಹೇಳಿದೆ. "ನಾನೇನು ನಿಲ್ಲಿಸಿದ್ದಾ ಆಗ?" ಎಂದಳು. ಮಗಳು ಮುಂದೆ ಮುಂದೆ ಓಡುತ್ತಿದ್ದಳು. ಆ ಮರದಿಂದ ಈ ಮರದವರೆಗೆ, ಲೆಕ್ಕ ಹಾಕಿದರೆ ಹನ್ನೊಂದು ಸುತ್ತು ಪೆಡಲ್. ನಲವತ್ತಮೂರು ಮೀಟರ್.