ಹೊಲಮನೆಯ ಹೆಸರು, ಪಾದ್ರಿಯ ದಫ್ತರ: ಅಮೆರಿಕದ ನಾರ್ವೇಜಿಯನ್ ಮನೆತನಗಳ ಮೂಲಶೋಧ

ಅಮೆರಿಕದ ಸೆನೆಟಿನಲ್ಲಿ 1895ರಿಂದ 1923ರವರೆಗೆ ಮಿನೆಸೋಟ ರಾಜ್ಯದ ಪ್ರತಿನಿಧಿಯಾಗಿದ್ದ ಕ್ನೂಟ್ ನೆಲ್ಸನ್ ಹುಟ್ಟಿದ್ದು ನಾರ್ವೆಯಲ್ಲಿ. ಆದರೆ ಅಲ್ಲಿನ ದಫ್ತರಗಳಲ್ಲಿ ನೆಲ್ಸನ್ ಎಂಬ ಹೆಸರು ಹಿಡಿದು ಹೊರಟರೆ ಅವನು ಸಿಗುವುದಿಲ್ಲ. 1843ರಲ್ಲಿ ಪಶ್ಚಿಮ ನಾರ್ವೆಯ ವೊಸ್ ಸೀಮೆಯ ಏವಾಂಗರ್‌ನಲ್ಲಿ ಇಂಗೆಬ್ಯೋರ್ಗ್ ಎಂಬ ಅವಿವಾಹಿತೆಗೆ ಹುಟ್ಟಿದ ಮಗು ಕ್ನುಡ್. 1849ರಲ್ಲಿ ಆಕೆ ತಾನು ವಿಧವೆಯೆಂದು ಹೇಳಿಕೊಂಡು ಮಗನನ್ನು ಕರೆದುಕೊಂಡು ಅಮೆರಿಕಕ್ಕೆ ಬಂದಳು. ಆಮೇಲೆ ನಿಲ್ಸ್ ಗ್ರೋಟ್‌ಲಾಂಡ್ ಎಂಬ ವಲಸಿಗನನ್ನು ಮದುವೆಯಾದಳು. ನಿಲ್ಸನ ಮನೆಯಲ್ಲಿ ಬೆಳೆದ ಹುಡುಗ ನೆಲ್ಸನ್ ಆದ. ಮಿನೆಸೋಟದ ಗವರ್ನರ್ ಪದವಿಗೂ ಆಮೇಲೆ ಸೆನೆಟಿಗೂ ಏರಿದವನ ಕುಲನಾಮ ಹೀಗೆ ರಕ್ತಸಂಬಂಧವೇ ಇಲ್ಲದ ಮಲತಂದೆಯಿಂದ ಬಂದದ್ದು.

ಇದೊಂದು ವಿಚಿತ್ರ ಪ್ರಕರಣವೆಂದು ಬದಿಗಿಡುವಂತಿಲ್ಲ. 1825ರ ಜುಲೈನಲ್ಲಿ ಸ್ಟಾವಾಂಗರ್ ಬಂದರಿನಿಂದ 52 ಜನರನ್ನು ತುಂಬಿಕೊಂಡು ಹೊರಟ ‘ರೆಸ್ಟೌರಾಶೋನ್’ ಎಂಬ ಪುಟ್ಟ ಹಾಯಿಹಡಗಿನಿಂದ ಆರಂಭಿಸಿ, ಮುಂದಿನ ನೂರು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ನಾರ್ವೇಜಿಯನ್ನರು ಉತ್ತರ ಅಮೆರಿಕಕ್ಕೆ ಹೋದರು. 1801ರ ಗಣತಿಯಲ್ಲಿ ಇಡೀ ನಾರ್ವೆಯ ಜನಸಂಖ್ಯೆಯೇ ಸುಮಾರು 8.8 ಲಕ್ಷವಿತ್ತು ಎಂಬುದನ್ನು ನೆನೆದರೆ ಈ ಹರಿವಿನ ಗಾತ್ರ ತಿಳಿಯುತ್ತದೆ. 1882 ಒಂದೇ ವರ್ಷದಲ್ಲಿ ಹೊರಟವರು 28,000ಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಹಳ್ಳಿಗರಿಗೆ ಇಂದು ನಾವು ತಿಳಿದಿರುವ ಅರ್ಥದ ಕುಲನಾಮ ಇರಲೇ ಇಲ್ಲ. ವಂಶಪಾರಂಪರ್ಯದ ಕುಲನಾಮವನ್ನು ನಾರ್ವೆ ಕಾನೂನಿನ ಮೂಲಕ ಕಡ್ಡಾಯ ಮಾಡಿದ್ದು 1923ರಲ್ಲಿ, ವಲಸೆಯ ದೊಡ್ಡ ಅಲೆಗಳೆಲ್ಲ ಇಳಿದ ಮೇಲೆ.

ಹಾಗಾಗಿ ಕುಲನಾಮವನ್ನು ನಂಬಿ ಹೊರಟವರು ಹುಡುಕಾಟದ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾರೆ. ಹಿಡಿಯಬೇಕಾದದ್ದು ಎರಡನ್ನು: ಪ್ಯಾರಿಷ್ (ಒಬ್ಬ ಪಾದ್ರಿಯ ವ್ಯಾಪ್ತಿಗೆ ಸೇರಿದ ಸೀಮೆ) ಯಾವುದು, ಹೊಲಮನೆ ಯಾವುದು. ಮಿಕ್ಕ ಮಾಹಿತಿಯೆಲ್ಲ ಇವೆರಡರ ಹಿಂದೆ ಬರುತ್ತದೆ ಎಂಬುದೇ ಈ ಲೇಖನದ ವಾದ.

ಹತ್ತೊಂಬತ್ತನೆಯ ಶತಮಾನದ ನಾರ್ವೆಯ ಹಳ್ಳಿಗನ ಹೆಸರಿಗೆ ಮೂರು ತುಣುಕು. ದೀಕ್ಷಾಸ್ನಾನದಲ್ಲಿ ಇಟ್ಟ ಹೆಸರು ಒಂದು. ತಂದೆಯ ಹೆಸರಿಗೆ ‘ಸೆನ್’ ಅಥವಾ ‘ದಾಟರ್’ ಸೇರಿಸಿದ್ದು ಇನ್ನೊಂದು. ಇದು ತಲೆಮಾರಿಗೊಮ್ಮೆ ಬದಲಾಗುತ್ತದೆ. ಮೂರನೆಯದು ವಾಸವಿದ್ದ ಹೊಲಮನೆಯ ಹೆಸರು. ಊರಿನ ಹೆಸರನ್ನು ಇನಿಶಿಯಲ್ ಮಾಡಿಕೊಂಡು ಓಡಾಡುವ ಕನ್ನಡಿಗರಿಗೆ ಈ ಕೊನೆಯದು ಪರಿಚಿತವೆನಿಸಬಹುದು, ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಬೆಂಗಳೂರಿಗೆ ಬಂದವನೂ ಹಳೆಯ ಊರಿನ ಅಕ್ಷರವನ್ನು ಉಳಿಸಿಕೊಳ್ಳುತ್ತಾನೆ. ಅಲ್ಲಿ ಪಕ್ಕದ ಹೊಲಮನೆಗೆ ಅಳಿಯನಾಗಿಯೋ ಗೇಣಿದಾರನಾಗಿಯೋ ಹೋದವನ ಹೆಸರಿನ ಬಾಲವೂ ಬದಲಾಗುತ್ತಿತ್ತು. ಒಬ್ಬನೇ ಮನುಷ್ಯ ಮಕ್ಕಳ ದೀಕ್ಷಾಸ್ನಾನದ ದಾಖಲೆಗಳಲ್ಲಿ ಮೂರು ಬೇರೆ ಬೇರೆ ಹೆಸರಿನಿಂದ ಕಾಣಿಸಿಕೊಂಡರೆ ಅದು ಪಾದ್ರಿಯ ತಪ್ಪಲ್ಲ. ಮನೆ ಬದಲಾಯಿಸಿದ್ದಾನೆ, ಅಷ್ಟೆ.

ಅರ್ಥಶಾಸ್ತ್ರಜ್ಞ ಥಾರ್ಸ್ಟೈನ್ ವೆಬ್ಲನ್‌ನ ಮನೆತನದಲ್ಲಿ ಈ ಪದ್ಧತಿಯನ್ನು ಹತ್ತಿರದಿಂದ ನೋಡಬಹುದು. ತಂದೆ ಥಾಮಸ್ ಆಂಡರ್ಸನ್ ವೆಬ್ಲನ್, ತಾಯಿ ಕಾರಿ ಬುಂಡೆ. ಇಬ್ಬರೂ ವಾಲ್ಡ್ರೆಸ್ ಕಣಿವೆಯವರು, 1847ರಲ್ಲಿ ವಿಸ್ಕಾನ್ಸಿನ್‌ಗೆ ಬಂದವರು. ಇಲ್ಲಿ ವೆಬ್ಲನ್, ಬುಂಡೆ ಎರಡೂ ಹೊಲಮನೆಗಳ ಹೆಸರು. ಮಕ್ಕಳ ನಾಮಕರಣದಲ್ಲೂ ಒಂದು ಕಟ್ಟಳೆ ಇತ್ತು: ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಮುಂದಿನವರಲ್ಲಿ ಒಬ್ಬನಿಗೆ ತಾಯಿಯ ತಂದೆಯ ಹೆಸರು. ಥಾಮಸನ ಹಿರಿಯ ಮಗ ಆಂಡ್ರೂ ಹೊತ್ತದ್ದು ಅಜ್ಜ ಆಂಡರ್ಸನ ಹೆಸರನ್ನು. ಅರ್ಥಶಾಸ್ತ್ರಜ್ಞ ಹೊತ್ತದ್ದು ತಾಯಿಯ ತಂದೆ ಥಾರ್ಸ್ಟೈನನ ಹೆಸರನ್ನು. ಅಮೆರಿಕದ ಕಡೆಯ ಮಕ್ಕಳ ಹೆಸರುಗಳನ್ನು ಜನನದ ಕ್ರಮದಲ್ಲಿ ಜೋಡಿಸಿಟ್ಟರೆ ನಾರ್ವೆಯ ಅಜ್ಜ ಅಜ್ಜಿಯರ ಹೆಸರನ್ನು ಊಹಿಸಬಹುದು. ಊಹೆಯನ್ನು ದಾಖಲೆಯಿಂದ ಪರೀಕ್ಷಿಸಬೇಕು, ಆದರೆ ಒಂದೇ ಹೆಸರಿನ ಹತ್ತು ಜನರ ನಡುವೆ ಒಬ್ಬನನ್ನು ಆರಿಸಲು ಇದು ಬಹಳ ಉಪಕಾರಿ.

ಪ್ಯಾರಿಷ್ಷಿನ ಹೆಸರು ಎಲ್ಲಿ ಸಿಗುತ್ತದೆ? ಅಮೆರಿಕದ ಸರ್ಕಾರಿ ಕಾಗದಗಳಲ್ಲಿ ಹುಡುಕುವುದು ಹೆಚ್ಚುಕಡಿಮೆ ವ್ಯರ್ಥ. ಅಲ್ಲಿನ ಜನಗಣತಿ ಹುಟ್ಟಿದ ಸ್ಥಳದ ಕಾಲಂನಲ್ಲಿ ‘ನಾರ್ವೆ’ ಎಂದಷ್ಟೇ ಬರೆದು ಮುಂದೆ ಹೋಗುತ್ತದೆ. 1906ಕ್ಕಿಂತ ಹಿಂದಿನ ಪೌರತ್ವ ಪತ್ರಗಳಲ್ಲಿ ಮತ್ತೊಂದು ಗೊಂದಲ: ಅರ್ಜಿದಾರ ಸ್ವೀಡನ್ ಮತ್ತು ನಾರ್ವೆಯ ದೊರೆಗಿದ್ದ ನಿಷ್ಠೆಯನ್ನು ತೊರೆಯುತ್ತಿದ್ದ. 1814ರಿಂದ 1905ರವರೆಗೆ ಎರಡೂ ದೇಶಗಳು ಒಬ್ಬನೇ ಅರಸನ ಕೆಳಗಿದ್ದವು. ಈ ಸಾಲನ್ನು ಓದಿ ತಮ್ಮ ಮುತ್ತಜ್ಜ ಸ್ವೀಡನ್ನಿನವನೆಂದು ತಿಳಿದುಕೊಂಡವರಿದ್ದಾರೆ. ಇದಕ್ಕೆ ಹೋಲಿಸಿದರೆ ವಲಸಿಗರು ಕಟ್ಟಿಕೊಂಡ ಲುಥೆರನ್ ಚರ್ಚುಗಳ ಪುಸ್ತಕಗಳು ಚಿನ್ನದ ಗಣಿ. ಆ ಪಾದ್ರಿಗಳಿಗೆ ನಾರ್ವೆಯ ಭೂಗೋಳ ಗೊತ್ತಿತ್ತು, ಬರೆದದ್ದೂ ನಾರ್ವೇಜಿಯನ್ ಭಾಷೆಯಲ್ಲೇ. ಸಭೆಗೆ ಸೇರಿದವನ ಹುಟ್ಟೂರು ಯಾವ ಪ್ಯಾರಿಷ್ಷಿನದೆಂದು ಅವರು ಅನೇಕ ಕಡೆ ನಮೂದಿಸಿದ್ದಾರೆ. ಹಾಗಿದ್ದೂ ಮೂಲಶೋಧಕರು ಈ ಪುಸ್ತಕಗಳಿಗೆ ಕೊನೆಯಲ್ಲಿ ಬರುವುದೇ ಹೆಚ್ಚು. ಮೊದಲು ಬರಬೇಕಾದದ್ದು ಇಲ್ಲಿಗೆ.

ಹಡಗಿನ ಪಟ್ಟಿಗಳ ಮೇಲಿನ ವ್ಯಾಮೋಹವೂ ಹೀಗೇ ಕಾಲಹರಣ ಮಾಡಿಸುತ್ತದೆ. ಬ್ರಿಟನ್ ತನ್ನ ನೌಕಾ ಕಾಯ್ದೆಗಳನ್ನು 1849ರಲ್ಲಿ ರದ್ದು ಮಾಡಿದ ಮೇಲೆ ನಾರ್ವೆಯ ಹಡಗುಗಳು ಜನರನ್ನು ಕ್ವಿಬೆಕ್‌ನಲ್ಲಿ ಇಳಿಸಿ, ಕೆನಡಾದ ಮರದ ದಿಮ್ಮಿ ತುಂಬಿಕೊಂಡು ಹಿಂದಿರುಗತೊಡಗಿದವು. ಎರಡೂ ಕಡೆಯ ಪಯಣಕ್ಕೆ ಬಾಡಿಗೆ ಹುಟ್ಟುವುದರಿಂದ ಟಿಕೆಟ್ ಅಗ್ಗವಾಯಿತು. ಆದರೆ ಕ್ವಿಬೆಕ್ ಬಂದರಿನ ಪ್ರಯಾಣಿಕರ ಪಟ್ಟಿಗಳು ಸಾಲಾಗಿ ಉಳಿದಿರುವುದು 1865ರಿಂದ ಈಚಿನವು. 1850ರ ದಶಕದಲ್ಲಿ ಬಂದವನನ್ನು ನ್ಯೂಯಾರ್ಕಿನ ಪಟ್ಟಿಯಲ್ಲಿ ಎಷ್ಟು ಹುಡುಕಿದರೂ ಕಾಣದಿರುವುದಕ್ಕೆ ಕಾರಣ ಸಾಮಾನ್ಯವಾಗಿ ಇದೇ. ನಾರ್ವೆಯ ಕಡೆಯಲ್ಲಿ ಪೊಲೀಸರು ವಲಸಿಗರ ವಹಿ ಇಡಲು ತೊಡಗಿದ್ದು 1860ರ ದಶಕದ ಕೊನೆಗೆ. ಹೆಸರು, ವಯಸ್ಸು, ಊರು, ತಲುಪಬೇಕಾದ ಜಾಗ, ಹಡಗು ಎಲ್ಲವೂ ಅದರಲ್ಲಿವೆ. ಮೊದಲ ಹಡಗು ಹೊರಟ ಸ್ಟಾವಾಂಗರಿನ ಹಳೆಯ ವಹಿಗಳೇ ಉಳಿಯದೆ ಹೋದದ್ದು ದುರದೃಷ್ಟ.

ಎಲ್ಲಕ್ಕಿಂತ ಗಟ್ಟಿಯಾದ ಆಧಾರ ನಾರ್ವೆಯ ಚರ್ಚ್ ದಫ್ತರ. ಅದು ಹುಟ್ಟಿದ್ದು ಭಕ್ತಿಯಿಂದ ಎನ್ನುವುದಕ್ಕಿಂತ ಆಡಳಿತದಿಂದ ಎನ್ನುವುದೇ ಸರಿ. 1736ರಲ್ಲಿ ದೃಢೀಕರಣ ಸಂಸ್ಕಾರ (ದೀಕ್ಷಾಸ್ನಾನ ಪಡೆದ ಮಗು ಬೆಳೆದ ಮೇಲೆ ತನ್ನ ನಂಬಿಕೆಯನ್ನು ತಾನೇ ಖಚಿತಪಡಿಸುವ ವಿಧಿ) ಕಡ್ಡಾಯವಾಯಿತು, ಅದಾಗದವರಿಗೆ ಮದುವೆಯಿಲ್ಲ. 1810ರಲ್ಲಿ ಸಿಡುಬಿಗೆ ದೇವಿ ಹಾಕಿಸಿಕೊಳ್ಳುವುದು ಕಡ್ಡಾಯವಾಯಿತು. 1812ರ ಆಜ್ಞೆಯ ನಂತರ ದಫ್ತರಕ್ಕೆ ಕಾಲಂಗಳಿರುವ ನಿಗದಿತ ನಮೂನೆ ಬಂತು. ಜೊತೆಗೆ ಚರ್ಚಿನ ಸೇವಕ ಎರಡನೆಯ ಪ್ರತಿಯೊಂದನ್ನು ಬರೆದಿಡಬೇಕಿತ್ತು. ಎರಡೂ ಪ್ರತಿಗಳು ಒಂದೇ ಸೂರಿನ ಕೆಳಗೆ ರಾತ್ರಿ ಕಳೆಯಬಾರದೆಂಬ ನಿಯಮವಿತ್ತು. ಮರದ ಮನೆಗಳ ದೇಶ, ಬೆಂಕಿಯ ಭಯ ಸಹಜ. ಪಾದ್ರಿಯ ಮನೆ ಸುಟ್ಟ ಕಡೆಯೂ ಕೆಲವೊಮ್ಮೆ ವಂಶದ ಎಳೆ ಉಳಿದಿರುವುದು ಈ ಮುಂಜಾಗ್ರತೆಯಿಂದ.

ದೃಢೀಕರಣದ ಒಂದೇ ಒಂದು ಸಾಲು ಏನೇನು ಹೇಳುತ್ತದೆ ನೋಡಿ: ಹುಡುಗನ ಹೆಸರು, ಆಗ ವಾಸವಿದ್ದ ಹೊಲಮನೆ, ಹುಟ್ಟಿದ ದಿನ, ತಂದೆ ತಾಯಿ, ಧರ್ಮಜ್ಞಾನ ಮತ್ತು ನಡತೆಗೆ ಪಾದ್ರಿ ಕೊಟ್ಟ ಷರಾ, ದೇವಿ ಹಾಕಿಸಿದ ದಿನ. ದೇವಿಯ ದಿನಾಂಕ ವಂಶಶೋಧಕನಿಗೆ ನಿರುಪಯೋಗಿಯೆಂದು ಕಾಣಬಹುದು. ಆದರೆ ಅದೇ ದಿನಾಂಕ ಮದುವೆಯ ದಾಖಲೆಯಲ್ಲೂ ಮರಳಿ ಬರುವುದುಂಟು; ಒಂದೇ ಪ್ಯಾರಿಷ್ಷಿನ ಇಬ್ಬರು ಓಲೆ ಓಲ್ಸನ್‌ರನ್ನು ಬೇರ್ಪಡಿಸಲು ಇಂಥ ಕುರುಹೇ ಬೇಕು. ಊರು ಬಿಡುವವನು ಪಾದ್ರಿಯಿಂದ ಪ್ರಮಾಣಪತ್ರ ಪಡೆಯುತ್ತಿದ್ದ, ಅದನ್ನು ಹೊರಹೋದವರ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದರು. ‘ಅಮೆರಿಕ’ ಎಂಬ ಪದ ನಾರ್ವೆಯ ಹಳ್ಳಿಯ ಪುಸ್ತಕಕ್ಕೆ ಕಾಲಿಟ್ಟದ್ದು ಈ ಪಟ್ಟಿಯ ಮೂಲಕ.

ಹಿಂದಕ್ಕೆ ಹೋದಷ್ಟೂ ಓದು ಕಷ್ಟ. ಗೋಥಿಕ್ ಲಿಪಿಯ ಕೈಬರಹ ಒಂದೆಡೆಯಾದರೆ, ದಿನಾಂಕದ ಬದಲು ಹಬ್ಬದ ಹೆಸರು ಇನ್ನೊಂದೆಡೆ. ‘ಟ್ರಿನಿಟಿಯ ನಂತರದ ಮೂರನೆಯ ಭಾನುವಾರ’ ಎಂದಿದ್ದರೆ 1790ರಲ್ಲಿ ಅದು ಜೂನ್ 20, ಮರುವರ್ಷ ಜುಲೈ 10. ಈಸ್ಟರ್ ಜರುಗಿದಂತೆ ಎಲ್ಲವೂ ಜರುಗುತ್ತದೆ. ವರ್ಷ ತಪ್ಪಾಗಿ ಓದಿದರೆ ಮಗು ಹುಟ್ಟುವ ಮೊದಲೇ ದೀಕ್ಷಾಸ್ನಾನ ಆದಂತೆ ಕಂಡೀತು.

ಹೊಲಮನೆಯ ಹೆಸರು ಸಿಕ್ಕಿತೆಂದು ಹಿಗ್ಗುವವರಿಗೆ ಒಂದು ಎಚ್ಚರಿಕೆ. ಮಾಲೀಕನಷ್ಟೇ ಅಲ್ಲ, ಅವನ ಜಮೀನಿನ ಅಂಚಿನಲ್ಲಿ ಗುಡಿಸಲು ಮತ್ತು ತುಂಡು ನೆಲ ಪಡೆದು ಬದಲಿಗೆ ದುಡಿದುಕೊಡುತ್ತಿದ್ದ ‘ಹುಸ್ಮನ್’ ಕೂಡ ಅದೇ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದ. ಅಮೆರಿಕಕ್ಕೆ ಬಂದ ಮೇಲೆ ಇಬ್ಬರ ಮಕ್ಕಳೂ ಒಂದೇ ಕುಲನಾಮದವರಾದರು. ಒಂದೇ ಹೆಸರಿನವರೆಲ್ಲ ದಾಯಾದಿಗಳೆಂದು ಬರೆದ ವಂಶವೃಕ್ಷಗಳು ಇಲ್ಲೇ ಮುರಿದು ಬೀಳುತ್ತವೆ. ಗಣತಿಯ ವೃತ್ತಿ ಕಾಲಂ ನೋಡಿದರೆ ಯಾರು ಒಡೆಯ, ಯಾರು ಹುಸ್ಮನ್ ಎಂಬುದು ಬಿಚ್ಚಿಕೊಳ್ಳುತ್ತದೆ. 1801ರ ಗಣತಿ ಮನೆಮಂದಿಯ ಹೆಸರು, ವಯಸ್ಸು, ಕಸುಬುಗಳನ್ನು ಕೊಟ್ಟರೆ, 1865ರದು ಹುಟ್ಟಿದ ಪ್ಯಾರಿಷ್ಷನ್ನೂ ಸೇರಿಸುತ್ತದೆ. ಆಸ್ತಿವಂತರ ವಿಷಯದಲ್ಲಿ ಮೃತರ ಸೊತ್ತಿನ ಪಾಲುಪಟ್ಟಿಗಳೂ ನೆರವಿಗೆ ಬರುತ್ತವೆ. 1854ರ ಕಾನೂನು ಸಮಪಾಲು ಕೊಡುವವರೆಗೆ ಹೆಣ್ಣುಮಗಳಿಗೆ ಸಿಗುತ್ತಿದ್ದದ್ದು ಗಂಡಿನ ಪಾಲಿನ ಅರ್ಧ. ಅರ್ಧ ಪಾಲಾದರೂ ಅವಳ ಹೆಸರು, ಗಂಡನ ಹೆಸರು ಪಟ್ಟಿಯಲ್ಲಿ ಬರೆಯಲೇಬೇಕಿತ್ತು.

ಮಾಜಿ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ವಿಷಯದಲ್ಲಿ ಈ ಶೋಧ ಸುಲಭವಾಗಿತ್ತು. ಅವನ ಪೂರ್ವಜರು 1850ರ ದಶಕದಲ್ಲಿ ಹೊರಟದ್ದು ಸೋಗ್ನ್ ಸೀಮೆಯ ಫ್ಯಾರ್‌ಲಾಂಡ್‌ನ ಮುಂಡಾಲ್‌ನಿಂದ. ಊರಿನ ಹೆಸರೇ ಒಂದು ಸ್ವರ ಬದಲಿಸಿಕೊಂಡು ಕುಲನಾಮವಾಯಿತು. ಓಲ್ಸನ್, ಜಾನ್ಸನ್‌ಗಳಾಗಿ ನೆಲೆಸಿದವರ ಮೊಮ್ಮಕ್ಕಳಿಗೆ ಈ ಅದೃಷ್ಟವಿಲ್ಲ. ಅಂಥವರ ನೆರವಿಗೆ ಬಂದದ್ದು ಒಂದೊಂದು ಕಣಿವೆಯವರು ಅಮೆರಿಕದಲ್ಲಿ ಕಟ್ಟಿಕೊಂಡ ‘ಬಿಗ್ಡೆಲಾಗ್’ ಎಂಬ ಊರಿನವರ ಸಂಘಗಳು. ಮೊದಲನೆಯದು 1899ರ ವಾಲ್ಡ್ರೆಸ್ ಸಾಂಬಾಂಡ್, ಅದರ ಮೊದಲ ಅಧ್ಯಕ್ಷ ಥಾರ್ಸ್ಟೈನನ ಅಣ್ಣ ಆಂಡ್ರೂ ವೆಬ್ಲನ್. ಯಾರು ಯಾವ ಹೊಲಮನೆಯಿಂದ ಬಂದವರು ಎಂಬುದನ್ನು ನೆನಪಿದ್ದವರು ಬದುಕಿದ್ದಾಗಲೇ ಇಂಥ ಸಂಘಗಳು ಬರೆಸಿಟ್ಟವು. ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿರುವ ನೇಸೆತ್ ಗ್ರಂಥಾಲಯ ಇಂದು ಆ ಬಗೆಯ ಸಾಮಗ್ರಿಯ ದೊಡ್ಡ ಭಂಡಾರ. ನಾರ್ವೆಯಲ್ಲಿ ಇದಕ್ಕೆ ಸರಿಸಾಟಿಯೆಂದರೆ ‘ಬಿಗ್ಡೆಬೋಕ್’: ಒಂದು ಸೀಮೆಯ ಹೊಲಮನೆಗಳನ್ನು ಒಂದೊಂದಾಗಿ ತೆಗೆದುಕೊಂಡು ಅಲ್ಲಿ ಬಾಳಿದವರನ್ನು ತಲೆಮಾರಿನ ಪ್ರಕಾರ ಪಟ್ಟಿ ಮಾಡುವ ಗ್ರಂಥ. ಮೂಲ ದಫ್ತರಗಳನ್ನು ನಾರ್ವೆಯ ರಾಷ್ಟ್ರೀಯ ಪತ್ರಾಗಾರ ಸ್ಕ್ಯಾನ್ ಮಾಡಿ ‘ಡಿಜಿಟಾಲಾರ್ಕಿವೆ’ಯಲ್ಲಿ ಪುಕ್ಕಟೆಯಾಗಿ ತೆರೆದಿಟ್ಟಿದೆ.

ಮೂಲಶೋಧಕರು ಹೆಚ್ಚಾಗಿ ಮರೆಯುವ ಇನ್ನೊಂದು ಗುಂಪಿದೆ, ಹೋಗಿ ಮರಳಿದವರದು. 1880ರ ದಶಕದಿಂದ ಹೊರಟವರಲ್ಲಿ ಸುಮಾರು ಕಾಲು ಭಾಗ ಜನ ನಾರ್ವೆಗೆ ಹಿಂದಿರುಗಿದರೆಂಬುದು ಇತಿಹಾಸಕಾರರ ಅಂದಾಜು. 1910ರ ನಾರ್ವೆಯ ಗಣತಿ ಇವರನ್ನು ಬೇರೆಯಾಗಿಯೇ ವಿಚಾರಿಸಿತು: ಹೋದದ್ದು ಯಾವಾಗ, ಬಂದದ್ದು ಯಾವಾಗ, ಅಮೆರಿಕದಲ್ಲಿ ಕೊನೆಗೆ ಇದ್ದದ್ದೆಲ್ಲಿ, ಅಲ್ಲಿ ಏನು ಕೆಲಸ. ಮಿನೆಸೋಟದ ಚರ್ಚ್ ಪುಸ್ತಕದಲ್ಲಿ ಇದ್ದಕ್ಕಿದ್ದಂತೆ ಕಾಣೆಯಾದ, ಸಮಾಧಿಯೂ ಸಿಗದ ಮುತ್ತಜ್ಜನ ತಮ್ಮನನ್ನು ಈ ಉತ್ತರಗಳಲ್ಲಿ ಹುಡುಕಬೇಕು. ಗಣತಿಯ ಹಾಳೆಗಳು ನೂರು ವರ್ಷ ಮುಚ್ಚಿರುತ್ತವೆ. 1910ರದು 2010ರಲ್ಲಿ, 1920ರದು 2020ರಲ್ಲಿ ತೆರೆದವು. 1930ರ ಡಿಸೆಂಬರ್ ಗಣತಿಯ ಸರದಿ 2030ರಲ್ಲಿ.