ಹನ್ನೆರಡು ವರ್ಷಕ್ಕೊಮ್ಮೆ ಕುರಿಂಜಿ

ಹನ್ನೆರಡು ವರ್ಷಗಳ ಲೆಕ್ಕ ನಮ್ಮ ಜನಕ್ಕೆ ಹೊಸದಲ್ಲ. ಕೃಷ್ಣೆಗೆ 2016ರಲ್ಲಿ, ತುಂಗಭದ್ರೆಗೆ 2020ರಲ್ಲಿ ಪುಷ್ಕರ ಬಂದಿತ್ತು. ಮುಂದಿನದು ಯಾವಾಗ ಎಂದು ಈ ಎರಡು ನದಿಗಳ ನಡುವಿನ ಮಸ್ಕಿ, ಸಿಂಧನೂರು, ಲಿಂಗಸುಗೂರು ಸೀಮೆಯ ಹಿರಿಯರು ಬೆರಳೆಣಿಸಿ ಹೇಳಿಯಾರು. ಶ್ರವಣಬೆಳಗೊಳದಲ್ಲಿ 2006 ಮತ್ತು 2018ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಪಂಚಾಂಗದ ಹಂಗಿಲ್ಲದ ಒಂದು ಗಿಡ ಅದೇ ಎರಡು ವರ್ಷ ನೀಲಗಿರಿ ಬೆಟ್ಟಗಳ ಮೇಲೆ ಹೂಬಿಟ್ಟಿತು. ಅದೇ ನೀಲಕುರಿಂಜಿ.

ಇದರ ಲೆಕ್ಕವನ್ನು 1838ರಿಂದ ಬರೆದಿಡಲಾಗಿದೆ. ಅಂದಿನಿಂದ 2018ರವರೆಗೆ ಹದಿನಾರು ಸಲ ಕುರಿಂಜಿ ಅರಳಿದೆ. ಬರೆದಿಡುವವರು ಬರುವ ಮೊದಲೂ ಲೆಕ್ಕ ಇಟ್ಟವರಿದ್ದರು. ಪಳನಿ ಬೆಟ್ಟಗಳ ಪಳಿಯರು ತಮ್ಮ ವಯಸ್ಸನ್ನು ಎಣಿಸುತ್ತಿದ್ದುದೇ ಕುರಿಂಜಿಯಿಂದ. ಐದು ಕುರಿಂಜಿ ಕಂಡವನಿಗೆ ಕನಿಷ್ಠ ನಲವತ್ತೆಂಟು ವರ್ಷವಾಯಿತೆಂದು ಅರ್ಥ. ಪ್ರಾಚೀನ ತಮಿಳು ಕವಿಗಳು ನಾಡನ್ನು ಐದು ಬಗೆಯಾಗಿ ವಿಂಗಡಿಸಿದಾಗ ಬೆಟ್ಟದ ಸೀಮೆಗೆ ಈ ಹೂವಿನ ಹೆಸರನ್ನೇ ಇಟ್ಟರು. ಆ ಸೀಮೆಯ ದೈವ ಮುರುಗ, ಅಂದರೆ ನಮ್ಮ ಕುಮಾರಸ್ವಾಮಿ.

ಸಸ್ಯಶಾಸ್ತ್ರದಲ್ಲಿ ಇದಕ್ಕೆ ಸ್ಟ್ರೊಬಿಲಾಂಥಿಸ್ ಕುಂಥಿಯಾನ ಎಂದು ಹೆಸರು. ಕೇರಳದ ಕುಂತಿಪ್ಪುಳ ನದಿಯಿಂದ ಈ ಹೆಸರು ಬಂತೆಂದು ಹಲವರು ನಂಬಿದ್ದಾರೆ. ಅದು ನಿಜವಲ್ಲ. 1832ರಲ್ಲಿ ಗಿಡವನ್ನು ಶಾಸ್ತ್ರಕ್ಕೆ ಪರಿಚಯಿಸಿದ ಜರ್ಮನಿಯ ನೀಸ್, ತನ್ನ ದೇಶದವನೇ ಆದ ಸಸ್ಯವಿಜ್ಞಾನಿ ಕುಂತ್‌ನ ನೆನಪಿಗೆ ಇಟ್ಟ ಹೆಸರದು.

ಕುರಿಂಜಿ ಬದುಕಿನಲ್ಲಿ ಒಮ್ಮೆ ಮಾತ್ರ ಹೂಬಿಡುತ್ತದೆ. ಹೂ ಕಾಯಾಗಿ, ಬೀಜ ಉದುರಿದ ಮೇಲೆ ಗಿಡ ಒಣಗಿ ಸಾಯುತ್ತದೆ. ಮಳೆ ಬಿದ್ದಾಗ ಬೀಜ ಮೊಳೆತು ಮತ್ತೆ ಹನ್ನೆರಡು ವರ್ಷಗಳ ಕಾಯುವಿಕೆ. ಬಿದಿರಿಗೆ ಕಟ್ಟೆ ಬರುವುದನ್ನು ಬಲ್ಲ ರೈತರಿಗೆ ಇದು ಸುಲಭವಾಗಿ ಅರ್ಥವಾದೀತು. ಎಲ್ಲ ಗಿಡಗಳೂ ಒಟ್ಟಿಗೇ ಹೂಬಿಡುವುದೇಕೆ? ಬೀಜ ತಿನ್ನುವ ಹುಳು, ಹಕ್ಕಿ, ಇಲಿಗಳು ಹೊಟ್ಟೆ ಬಿರಿಯುವಂತೆ ತಿಂದರೂ ಮುಗಿಯದಷ್ಟು ಬೀಜವನ್ನು ಒಮ್ಮೆಲೇ ಸುರಿದರೆ ಒಂದಷ್ಟು ಉಳಿದೇ ಉಳಿಯುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಆದರೆ ಈ ಉಪಾಯ ಫಲಿಸಬೇಕಾದರೆ ಗಿಡಗಳು ಸಾವಿರ ಸಾವಿರವಾಗಿ ಒಂದೆಡೆ ಇರಬೇಕು. ಅಲ್ಲೊಂದು ಇಲ್ಲೊಂದು ಉಳಿದರೆ ಸಾಲದು. ಹೂಬಿಡುವ ಮೊದಲೇ ಬೆಟ್ಟ ಸುಟ್ಟರೆ ಹನ್ನೆರಡು ವರ್ಷಗಳ ದುಡಿಮೆ ಒಂದು ದಿನದಲ್ಲಿ ಬೂದಿ.

ಹುಲ್ಲು ಪಾಳಲ್ಲ

ಆಲ್ಪ್ಸ್ ಅಥವಾ ಹಿಮಾಲಯದಲ್ಲಿ ಒಂದು ಎತ್ತರ ದಾಟಿದರೆ ಮರ ಬೆಳೆಯುವುದಿಲ್ಲ, ಅಲ್ಲಿರುವುದು ಹುಲ್ಲು ಮತ್ತು ಹೂ. ದಕ್ಷಿಣದ ಬೆಟ್ಟಗಳು ಅಷ್ಟು ಎತ್ತರದವಲ್ಲ. ಆದರೂ ಘಟ್ಟದ ನೆತ್ತಿಯ ಗಾಳಿ, ತೆಳು ಮಣ್ಣು, ಇಬ್ಬನಿ ಹೆಪ್ಪುಗಟ್ಟುವ ಚಳಿ ಮರದ ಸಸಿಗಳನ್ನು ಏಳಗೊಡುವುದಿಲ್ಲ. ಕಣಿವೆಯ ಮರೆಯಲ್ಲಿ ದಟ್ಟ ಶೋಲಾ ಕಾಡು, ಇಳಿಜಾರಿನ ಮೇಲೆ ಬಯಲು ಹುಲ್ಲು. ಸುಮಾರು 1,340ರಿಂದ 2,600 ಮೀಟರ್ ಎತ್ತರದ ಈ ಹುಲ್ಲುಗಾವಲೇ ಕುರಿಂಜಿಯ ಮನೆ.

ಈ ಹುಲ್ಲಿನ ಬೆಲೆ ಬಯಲುಸೀಮೆಯವರು ತಿಳಿಯಬೇಕಾದದ್ದು. ಕುದುರೆಮುಖದ ಸಾಲಿನ ಗಂಗಾಮೂಲದಲ್ಲಿ ತುಂಗೆ, ಭದ್ರೆಯರು ಹುಟ್ಟುತ್ತಾರೆ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು ಹಳ್ಳಗಳಿಗೆ ಬಸಿದು ಕೊಡುವುದು ಅಲ್ಲಿಯ ಹುಲ್ಲು ಮತ್ತು ಶೋಲಾ. ಎಡದಂಡೆ ಕಾಲುವೆಯಲ್ಲಿ ಸಿಂಧನೂರಿನ ಭತ್ತದ ಗದ್ದೆಗೆ ಹರಿದು ಬರುವುದರಲ್ಲಿ ಆ ನೀರಿನ ಪಾಲೂ ಇದೆ.

ಆದರೆ ಬ್ರಿಟಿಷರ ಕಣ್ಣಿಗೆ ಹುಲ್ಲುಗಾವಲು ಪಾಳುಭೂಮಿಯಾಗಿ ಕಂಡಿತು. ಮರವಿಲ್ಲದ ನೆಲಕ್ಕೆ ಕಂದಾಯದ ದಫ್ತರದಲ್ಲಿ ಬೆಲೆ ಇರಲಿಲ್ಲ. ನೀಲಗಿರಿಯಲ್ಲಿ ಅವರು ನೆಲೆ ಊರಿದ ಮೇಲೆ, 1840ರ ದಶಕದಿಂದ, ಆಸ್ಟ್ರೇಲಿಯದ ಯೂಕಲಿಪ್ಟಸ್ ಮತ್ತು ವಾಟಲ್ ಮರಗಳು ಸೌದೆಗೆಂದು ಬಂದವು. ಚಹಾ ತೋಟಗಳು ಬಂದವು. ಸ್ವಾತಂತ್ರ್ಯದ ನಂತರವೂ ದೃಷ್ಟಿ ಬದಲಾಗಲಿಲ್ಲ. ಚರ್ಮ ಹದಮಾಡುವ ತೊಗಟೆಗೆ, ರೇಯಾನ್ ನೂಲಿನ ತಿರುಳಿಗೆ ಅರಣ್ಯ ಇಲಾಖೆಗಳೇ ಹುಲ್ಲಿನ ಮೇಲೆ ಮರ ನೆಟ್ಟವು.

ಇಲ್ಲಿ ಕನ್ನಡದ ಮಾತೊಂದನ್ನು ಗಮನಿಸಬೇಕು. ನೀಲಗಿರಿಗೂ ಕನ್ನಡಕ್ಕೂ ಹಳೆಯ ನಂಟು. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಗೆದ್ದ ಸಂಗತಿ 1117ರ ಶಾಸನದಲ್ಲಿದೆ. ಅಲ್ಲಿಯ ಬಡಗರು ಹೆಸರೇ ಹೇಳುವಂತೆ ಬಡಗಣ ದಿಕ್ಕಿನಿಂದ ಹೋದವರು, ಅವರ ನುಡಿ ಕನ್ನಡದ ಹತ್ತಿರದ ಬಂಧು. ಬೆಟ್ಟ ನೀಲಿಯಾದದ್ದು ಕುರಿಂಜಿಯಿಂದ ಎಂಬ ಮಾತೂ ಪ್ರಚಲಿತವಾಗಿದೆ. ಆದರೆ ಇಂದು ಕನ್ನಡಿಗನ ಮುಂದೆ ‘ನೀಲಗಿರಿ’ ಎಂದರೆ ಕಣ್ಣಿಗೆ ಕಟ್ಟುವುದು ಯೂಕಲಿಪ್ಟಸ್ ಮರ. ಹೂವಿನ ನೆಲವನ್ನು ಆಕ್ರಮಿಸಿದ ಮರ ಬೆಟ್ಟದ ಹೆಸರನ್ನೂ ತನ್ನದಾಗಿಸಿಕೊಂಡಿತು.

ಪಟ್ಟಿಯಲ್ಲಿ ಸಿಕ್ಕ ರಕ್ಷಣೆ

1980ರ ದಶಕದ ಕೊನೆಯಲ್ಲಿ ನಿಸರ್ಗಪ್ರಿಯರು ಕೊಡೈಕೆನಾಲ್‌ನಿಂದ ಮೂನಾರಿಗೆ ನಡೆದು ಕುರಿಂಜಿಯ ಪರ ದನಿ ಎತ್ತಿದರು. 2006ರಲ್ಲಿ ಕೇರಳ ಸರ್ಕಾರ ಇಡುಕ್ಕಿ ಜಿಲ್ಲೆಯಲ್ಲಿ 32 ಚದರ ಕಿಲೋಮೀಟರಿನ ಕುರಿಂಜಿಮಲ ಅಭಯಧಾಮವನ್ನು ಘೋಷಿಸಿತು. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ನೀಲಕುರಿಂಜಿ ಸಂರಕ್ಷಿತ ಸಸ್ಯಗಳ ಪಟ್ಟಿಗೆ ಸೇರಿತು. ಕಾಡಿನಲ್ಲಿ ಅದನ್ನು ಕೀಳುವುದು ಈಗ ಅಪರಾಧ. 2024ರಲ್ಲಿ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಇದನ್ನು ತನ್ನ ಕೆಂಪು ಪಟ್ಟಿಯಲ್ಲಿ ‘ವಲ್ನರಬಲ್’, ಅಂದರೆ ಅಪಾಯಕ್ಕೆ ಈಡಾಗಬಲ್ಲ ಜಾತಿ ಎಂದು ದಾಖಲಿಸಿತು. ಆ ಅಂದಾಜಿನಂತೆ ಕುರಿಂಜಿಯ ನೆಲೆಯಲ್ಲಿ ಶೇ 40ರಷ್ಟು ಈಗಾಗಲೇ ನಷ್ಟವಾಗಿದೆ. ಉಳಿದಿರುವುದು 34 ಗುಂಪುಗಳು. ಅವುಗಳಲ್ಲಿ 33 ಪಶ್ಚಿಮ ಘಟ್ಟದಲ್ಲಿವೆ, ಒಂದು ಪೂರ್ವ ಘಟ್ಟದ ಶೇವರಾಯ್ ಬೆಟ್ಟದಲ್ಲಿ.

ರಾಜ್ಯವು ಗಿಡಮರಗಳ ಹೊಣೆ ಹೊರುವುದು ಈ ನೆಲಕ್ಕೆ ಅಪರಿಚಿತ ವಿಚಾರವಲ್ಲ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆಯ ಮೇಲಿನ ಶಾಸನವನ್ನು ಕಂಡುಹಿಡಿದಾಗ ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಖಚಿತವಾಯಿತು. ಅದೇ ಅಶೋಕ ತನ್ನ ಬೇರೆ ಶಾಸನಗಳಲ್ಲಿ ಔಷಧಿಯ ಗಿಡಗಳು ಇಲ್ಲದೆಡೆ ಅವನ್ನು ತರಿಸಿ ನೆಡಿಸಿದ್ದನ್ನು ಹೇಳಿದ್ದಾನೆ. ವ್ಯರ್ಥವಾಗಿ ಕಾಡು ಸುಡಬಾರದೆಂದೂ ವಿಧಿಸಿದ್ದಾನೆ. ಇಂದಿನ ಪಟ್ಟಿಗಳಿಗಿಂತ ಆ ಎರಡನೆಯ ಮಾತು ಕುರಿಂಜಿಗೆ ಹೆಚ್ಚು ಹತ್ತಿರದ್ದು. ಹೂ ಕೀಳುವ ಕೈಯನ್ನು ಕಾನೂನು ತಡೆಯಬಲ್ಲದು. ಆದರೆ ಹೂವನ್ನು ಕಳೆದದ್ದು ಕೀಳುವ ಕೈಯಲ್ಲ, ನೆಲದ ಉಪಯೋಗ ಬದಲಾಗಿದ್ದು.

ನಮ್ಮ ರಾಜ್ಯದಲ್ಲೂ ಇದೇ ಪ್ರಶ್ನೆ. ‘ಕುರಿಂಜಿ’ ಎಂಬುದು ಬಳಕೆಯಲ್ಲಿ ಸಡಿಲವಾದ ಹೆಸರು. ಏಳು ವರ್ಷಕ್ಕೊಮ್ಮೆ ಅರಳುವ, ಕೊಡಗಿನ ಮಾಂದಲಪಟ್ಟಿಯಲ್ಲಿ 2021ರಲ್ಲಿ ಕಂಡ ಜಾತಿಗೂ, ಮಹಾರಾಷ್ಟ್ರದ ಕಾರ್ವಿಯ ಬಳಗಕ್ಕೂ ಅದು ಸಲ್ಲುತ್ತದೆ. ಬಾಬಾಬುಡನ್‌ಗಿರಿ ಮತ್ತು ಮುಳ್ಳಯ್ಯನಗಿರಿಯಲ್ಲಿ 2022ರಲ್ಲಿ ಹೂ ಅರಳಿದಾಗ ಜನಜಾತ್ರೆ ನೆರೆಯಿತು. ಅದೇ ಘಟ್ಟಸಾಲಿನ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ. ತುಂಗಭದ್ರೆಯ ಆಚೆ, ಕುಮಾರಸ್ವಾಮಿಯ ಪುರಾತನ ಗುಡಿಯಿರುವ ಸಂಡೂರಿನ ಬೆಟ್ಟಗಳಲ್ಲೂ ಕುರಿಂಜಿಯ ಸುದ್ದಿ ಕೇಳಿಬಂದಿದೆ. ಬಳ್ಳಾರಿಯ ಗಣಿಗಳನ್ನು ಅದೇ ನ್ಯಾಯಾಲಯ 2011ರಲ್ಲಿ ನಿಲ್ಲಿಸಿ, ಮುಂದೆ ಷರತ್ತಿನ ಮೇಲೆ ಬಿಟ್ಟಿತು. 2024ರಲ್ಲಿ ಸಂಡೂರಿನ ದೇವದಾರಿಯಲ್ಲಿ ಸುಮಾರು 400 ಹೆಕ್ಟೇರ್ ಅರಣ್ಯದಲ್ಲಿ ಹೊಸ ಗಣಿಯ ಪ್ರಸ್ತಾಪ ವಿವಾದಕ್ಕೆ ಸಿಕ್ಕಿತು. ಮುರುಗನ ಹೂವಿಗೆ ಮುರುಗನ ಬೆಟ್ಟದಲ್ಲೇ ನೆಮ್ಮದಿ ಇಲ್ಲ.

ನೀಲಗಿರಿಯ ಕುರಿಂಜಿ ಮತ್ತೆ ಅರಳಬೇಕಾದದ್ದು 2030ರಲ್ಲಿ. ಆ ಹೂವಿನ ಗಿಡಗಳು ಈಗಾಗಲೇ ಹುಲ್ಲಿನ ನಡುವೆ ಹಸಿರಾಗಿ ನಿಂತಿವೆ, ಅವನ್ನು ನೋಡಲು ಯಾರೂ ಹೋಗುವುದಿಲ್ಲ. ಹೂವಿನ ವರ್ಷ ಒಂದು, ಹೂವಿಲ್ಲದ ವರ್ಷಗಳು ಹನ್ನೊಂದು. ಕುರಿಂಜಿ ಉಳಿಯುವುದೋ ಅಳಿಯುವುದೋ ನಿರ್ಧಾರವಾಗುವುದು ಆ ಹನ್ನೊಂದರಲ್ಲಿ.